ಬ್ಯಾರಲ್ಲಿನಲ್ಲಿ ಪರೀಕ್ಷೆಗೆ ನಿಲ್ಲುವ ದೋಣಿ ಎಂಜಿನ್

ಗದಗ ಜಿಲ್ಲೆ ಎಂದರೆ ಯಾರಿಗೂ ದೋಣಿ ನೆನಪಾಗುವುದಿಲ್ಲ. ಎರೆ ಹೊಲ, ಕಡಲೆ, ಹತ್ತಿ, ಒಣಮೆಣಸಿನಕಾಯಿ, ಕಪ್ಪತಗುಡ್ಡದ ಗಾಳಿಯಂತ್ರಗಳೇ ಕಣ್ಣ ಮುಂದೆ ಬರುತ್ತವೆ. ಆದರೆ ಜಿಲ್ಲೆಯ ಎರಡೂ ಅಂಚಿಗೆ ಹೊಳೆ ಇದೆ. ದಕ್ಷಿಣಕ್ಕೆ ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಗಡಿಯಲ್ಲಿ ತುಂಗಭದ್ರೆ, ಉತ್ತರಕ್ಕೆ ನರಗುಂದ, ರೋಣದ ಕಡೆ ಮಲಪ್ರಭೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಕೊಣ್ಣೂರಿನ ಮನೆಗಳಿಗೆ ನೀರು ನುಗ್ಗಿತು, ಲಖಮಾಪುರ ನಡುಗಡ್ಡೆಯಾಯಿತು. ಅಂಥ ಹೊತ್ತಿನಲ್ಲಿ ಊರಿಗೂ ರಸ್ತೆಗೂ ನಡುವೆ ಉಳಿಯುವ ದಾರಿ ಒಂದೇ, ದೋಣಿ. ಶಾಂತ ಹೊಳೆಗೆ ಹರಿಗೋಲು ಸಾಕು. ಕೆಂಪು ನೀರಿನ ಸೆಳವಿಗೆ ಎದುರಾಗಿ ಸಾಗಲು ಎಂಜಿನ್ನೇ ಬೇಕು.

ಆ ಎಂಜಿನ್ನಿಗೆ ಅಗ್ನಿಶಾಮಕ ಸಿಬ್ಬಂದಿಯೂ ಕರಾವಳಿಯ ಮೀನುಗಾರರೂ ಕರೆಯುವುದು ‘ಓಬಿಎಂ’ ಎಂದು. ಔಟ್‌ಬೋರ್ಡ್ ಮೋಟಾರ್. ದೋಣಿಯ ಹಿಂಬದಿ ಹಲಗೆಗೆ ಎರಡು ತಿರುಪುಗಳಿಂದ ಬಿಗಿದರೆ ಮುಗಿಯಿತು, ಬೇಡವಾದಾಗ ಬಿಚ್ಚಿ ಹೆಗಲ ಮೇಲೆ ಹೊರಬಹುದು. ಮೇಲೆ ಎಂಜಿನ್, ನಡುವೆ ಉದ್ದನೆಯ ಶಾಫ್ಟ್, ನೀರಿನೊಳಗೆ ಗೇರ್ ಪೆಟ್ಟಿಗೆ ಮತ್ತು ಪಂಕ. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕೀಯಲ್ಲಿ ನೆಲೆಸಿದ್ದ ಓಲೆ ಎವಿನ್‌ರೂಡ್ 1909ರ ಹೊತ್ತಿಗೆ ಇದನ್ನು ಮಾರಾಟಕ್ಕೆ ಒಗ್ಗುವಂತೆ ತಯಾರಿಸಿದ. ಶತಮಾನ ಕಳೆದರೂ ಅದರ ಮೂಲ ಅಂಗರಚನೆ ಹೆಚ್ಚು ಬದಲಾಗಿಲ್ಲ.

ಬದಲಾಗದ ಇನ್ನೊಂದು ಸಂಗತಿ ಅದರ ಕಾಯಿಲೆ. ದಿನಾ ಓಡುವ ಎಂಜಿನ್ ಸವೆಯುತ್ತದೆ, ನಿಂತ ಎಂಜಿನ್ ಕಟ್ಟಿಕೊಳ್ಳುತ್ತದೆ. ನೆರೆಗೆಂದು ಇಟ್ಟ ದೋಣಿಗೆ ವರ್ಷದಲ್ಲಿ ಕೆಲಸ ಬೀಳುವುದು ಕೆಲವೇ ದಿನ. ಉಳಿದ ತಿಂಗಳೆಲ್ಲ ಅದು ಗೋಡೆಗೆ ಒರಗಿರುತ್ತದೆ. ಮತ್ತೆ ಮಳೆ ಹಿಡಿದು, ಹೊಳೆಯ ಮಟ್ಟ ಏರಿ, ಯಾರೋ ಹಗ್ಗ ಜಗ್ಗಿದಾಗ ಅದು ಕೆಮ್ಮುತ್ತದೆ, ಹೊಗೆ ಬಿಡುತ್ತದೆ, ಬಂದ್ ಬೀಳುತ್ತದೆ.

ಇದನ್ನು ಸರಿಮಾಡುವ ಕೈಚಳಕ ಬೆಳೆದದ್ದು ಮಲ್ಪೆ, ಗಂಗೊಳ್ಳಿ, ಕಾರವಾರದ ದಡಗಳಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿದ್ದಾಗಲೂ 10 ಅಶ್ವಶಕ್ತಿಯವರೆಗಿನ ಮೋಟಾರಿನ ನಾಡದೋಣಿಗಳು ಕಡಲಿಗಿಳಿಯಬಹುದು. ಆ ಮೋಟಾರುಗಳಲ್ಲಿ ಬಹಳಷ್ಟು ಸೀಮೆಎಣ್ಣೆಯವು. ಪೆಟ್ರೋಲ್ ಹಾಕಿ ಚಾಲೂ ಮಾಡುವುದು, ಎಂಜಿನ್ ಕಾಯ್ದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು, ನಿಲ್ಲಿಸುವ ಮುನ್ನ ಮತ್ತೆ ಸ್ವಲ್ಪ ಹೊತ್ತು ಪೆಟ್ರೋಲಿನಲ್ಲಿ ಓಡಿಸುವುದು ಅಲ್ಲಿನ ರೂಢಿ. ತುಂಗಭದ್ರೆಯ ದಂಡೆಯಲ್ಲಿ ಸೀಮೆಎಣ್ಣೆ ಪಂಪ್‌ಸೆಟ್ಟಿನಿಂದ ನೀರೆತ್ತಿದ ಹಿರಿಯ ರೈತರಿಗೆ ಈ ಪದ್ಧತಿಯನ್ನು ಯಾರೂ ಕಲಿಸಬೇಕಿಲ್ಲ. ಕೊನೆಗೆ ಪೆಟ್ರೋಲಿಗೆ ತಿರುಗಿಸದೆ ನಿಲ್ಲಿಸಿದರೆ ಮರುದಿನ ತಣ್ಣಗಿನ ಎಂಜಿನ್ ಎಷ್ಟು ಜಗ್ಗಿದರೂ ಏಳದು ಎಂಬುದು ಅವರ ತೋಳಿಗೇ ಗೊತ್ತು.

ಗದಗ ಸೀಮೆಯಲ್ಲಿ ದೋಣಿ ಮೆಕ್ಯಾನಿಕ್ ಎಂಬ ಬೋರ್ಡು ಕಾಣದಿದ್ದರೂ ವಿದ್ಯೆಗೆ ಬರವಿಲ್ಲ ಎನ್ನಲು ಕಾರಣ ಇದೇ. ಮೆಣಸಿನ ಗಿಡಕ್ಕೆ ಎಣ್ಣಿ ಹೊಡೆಯಲು ಬೆನ್ನಿಗೆ ಕಟ್ಟಿಕೊಳ್ಳುವ ಪವರ್ ಸ್ಪ್ರೇಯರಿನಲ್ಲಿ ಇರುವುದೂ, ಹಲವು ಓಬಿಎಂಗಳಲ್ಲಿರುವಂತೆ, ಸಾಮಾನ್ಯವಾಗಿ ಟೂ ಸ್ಟ್ರೋಕ್ ಎಂಜಿನ್ನೇ. ಅದಕ್ಕೂ ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಅದೂ ಹಂಗಾಮು ಮುಗಿದ ಮೇಲೆ ಮೂಲೆ ಸೇರುತ್ತದೆ, ಮುಂದಿನ ಹಂಗಾಮಿಗೆ ಮೊಂಡು ಹಿಡಿಯುತ್ತದೆ. ಜಿಲ್ಲೆಯ ಲಕ್ಷ್ಮೇಶ್ವರದಂಥ ಊರಿಗೆ ಹೊಳೆಯೇ ಇಲ್ಲ ನಿಜ. ಆದರೆ ಸ್ಪ್ರೇಯರ್ ಬಿಚ್ಚಿ ಜೋಡಿಸಿ ಪಳಗಿದ ಕೈಗೆ ಓಬಿಎಂ ಅಪರಿಚಿತವೇನಲ್ಲ.

ಅಂಥ ಮೇಸ್ತ್ರಿ ಪಾನಾ ಹಿಡಿಯುವ ಮುಂಚೆ ಕೇಳುವುದು ಎರಡೇ ಪ್ರಶ್ನೆ: ಪೆಟ್ರೋಲ್ ಬರಾಕತ್ತೈತೇನು? ಕಿಡಿ ಬೀಳಾಕತ್ತೈತೇನು? ಅದಕ್ಕೂ ಮೊದಲು ಓಬಿಎಂನಲ್ಲಿ ನೋಡಬೇಕಾದ ಎರಡು ಸಣ್ಣ ಸಂಗತಿಗಳಿವೆ. ಚಾಲಕ ನೀರಿಗೆ ಬಿದ್ದರೆ ಎಂಜಿನ್ ತಾನೇ ನಿಲ್ಲಲೆಂದು ಕೈಗೆ ಕಟ್ಟಿಕೊಳ್ಳುವ ಕೆಂಪು ದಾರವೊಂದಿರುತ್ತದೆ. ಅದರ ಕ್ಲಿಪ್ಪು ಸ್ವಿಚ್ಚಿನಲ್ಲಿ ಕೂತಿರದಿದ್ದರೆ ಕಿಡಿಯೇ ಹುಟ್ಟದು. ಇನ್ನೊಂದು, ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿ ತಿರುಪು. ಅದನ್ನು ಸಡಿಲಿಸದಿದ್ದರೆ ಎಂಜಿನ್ ಕೆಲವು ನಿಮಿಷ ಚೆನ್ನಾಗಿ ಓಡಿ, ಟ್ಯಾಂಕಿನೊಳಗೆ ಗಾಳಿ ತೆಳುವಾಗುತ್ತಿದ್ದಂತೆ ಪೆಟ್ರೋಲ್ ಸಿಗದೆ ನಿಂತುಬಿಡುತ್ತದೆ. ಹೊಳೆಯ ನಡುವೆ ನಿಂತರೆ ಅದು ಪ್ರಾಣದ ಪ್ರಶ್ನೆ.

ನಿಜವಾದ ಕಾಯಿಲೆ ಮಾತ್ರ ಬಹುಪಾಲು ಕಾರ್ಬೊರೇಟರಿನಲ್ಲೇ ಇರುತ್ತದೆ. ಪೆಟ್ರೋಲ್ ಕೆಲವು ತಿಂಗಳಲ್ಲೇ ಹಳಸತೊಡಗುತ್ತದೆ. ತೆಳು ಭಾಗ ಆರಿಹೋಗಿ ಕಾರ್ಬೊರೇಟರಿನ ಬಟ್ಟಲಿನ ತಳದಲ್ಲಿ ಬೆಲ್ಲದ ಪಾಕದಂಥ ಅಂಟು ಉಳಿಯುತ್ತದೆ. ಈಗ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಬೆರೆಯುವುದರಿಂದ ಇನ್ನೊಂದು ತೊಡಕೂ ಸೇರಿದೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ತೇವ ಮಿತಿ ಮೀರಿದರೆ ನೀರು–ಎಥೆನಾಲ್ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತದೆ, ಎಂಜಿನ್ ಮೊದಲು ಹೀರುವುದೂ ತಳದಿಂದಲೇ. ಟೂ ಸ್ಟ್ರೋಕಿನಲ್ಲಿ ಇದು ಹೆಚ್ಚು ಅಪಾಯದ್ದು. ಒಳಗಿನ ಬೇರಿಂಗಿಗೂ ಪಿಸ್ಟನ್ನಿಗೂ ಜಿಡ್ಡು ಸಿಗಬೇಕಾದದ್ದು ಪೆಟ್ರೋಲಿನೊಂದಿಗೆ ಬರುವ ಆಯಿಲಿನಿಂದ, ಆ ಆಯಿಲ್ ನೀರಿನ ಜತೆ ಬರುವುದಿಲ್ಲ. ಆದ್ದರಿಂದ ಹಳೆಯ ಪೆಟ್ರೋಲನ್ನು ಪೂರ್ತಿ ಚೆಲ್ಲಿ, ಟ್ಯಾಂಕ್ ತೊಳೆದು, ಹೊಸದನ್ನು ತುಂಬಬೇಕು. ಹಲವು ಮಾದರಿಗಳಿಗೆ 50ಕ್ಕೆ 1 ಅಳತೆ, ಅಂದರೆ ಲೀಟರಿಗೆ 20 ಮಿಲಿಲೀಟರ್ ಆಯಿಲ್.

ಎಂಜಿನ್ ಹೇಗೆ ತಕರಾರು ಮಾಡುತ್ತದೆ ಎಂಬುದರಿಂದಲೇ ಎಲ್ಲಿ ಕಟ್ಟಿದೆ ಎಂದು ಊಹಿಸಬಹುದು. ಚೋಕ್ ಎಳೆದಾಗ ಮಾತ್ರ ಓಡಿ, ಬಿಟ್ಟ ಕೂಡಲೇ ನಿಂತರೆ ಕಾರ್ಬೊರೇಟರಿನೊಳಗೆ ಪೆಟ್ರೋಲ್ ಅಳೆದು ಬಿಡುವ ಹಿತ್ತಾಳೆಯ ಸಣ್ಣ ರಂಧ್ರಗಳಲ್ಲಿ ಒಂದಾದ ಪೈಲಟ್ ಜೆಟ್ ಕಟ್ಟಿರುವ ಅನುಮಾನ ಮೊದಲು. ನಿಧಾನಕ್ಕೆ ನೆಟ್ಟಗೆ ಓಡಿ, ಎಕ್ಸಲರೇಟರ್ ತಿರುವಿದಾಗ ಉಸಿರು ಕಟ್ಟಿದರೆ ಮೇನ್ ಜೆಟ್ ನೋಡಬೇಕು. ಪೆಟ್ರೋಲ್ ಪೈಪಿನ ನಡುವೆ ಕೈಯಿಂದ ಹಿಚುಕುವ ರಬ್ಬರ್ ಬಲ್ಬು ಇರುತ್ತದೆ. ಅದನ್ನು ಹಿಚುಕುತ್ತಿರುವಷ್ಟು ಹೊತ್ತು ಎಂಜಿನ್ ಚೇತರಿಸಿಕೊಂಡರೆ ದೋಷ ಕಾರ್ಬೊರೇಟರಿನದಲ್ಲ. ಪೈಪು ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಪೆಟ್ರೋಲ್ ಪಂಪಿನ ಪರದೆ ಬಿರುಸಾಗಿದೆ.

ಜೆಟ್ ಬಿಡಿಸುವ ಕೆಲಸಕ್ಕೆ ತಾಳ್ಮೆ ಬೇಕು. ಪೈಲಟ್ ಜೆಟ್ಟಿನ ರಂಧ್ರ ಬೆಳಕಿಗೆ ಹಿಡಿದರಷ್ಟೇ ಕಾಣುವಷ್ಟು ಸಣ್ಣದು. ಹಿತ್ತಾಳೆ ಮೆತ್ತಗಿನ ಲೋಹವಾದ್ದರಿಂದ ಸೂಜಿ, ಉಕ್ಕಿನ ತಂತಿ ಹಾಕಿದರೆ ರಂಧ್ರ ಅಗಲವಾಗಿ ಮುಂದೆಂದೂ ಪೆಟ್ರೋಲಿನ ಅಳತೆ ಕೂಡದು. ಬಲ್ಲವರು ಕ್ಲೀನರಿನಲ್ಲಿ ನೆನೆಹಾಕಿ, ಗಾಳಿ ಊದಿ, ಆಗಲೂ ಬಿಡದಿದ್ದರೆ ಕರೆಂಟಿನ ವೈರಿನೊಳಗಿನ ಒಂದೇ ಒಂದು ತಾಮ್ರದ ಎಳೆಯನ್ನು ತೂರಿಸುತ್ತಾರೆ. ಪ್ಲಗ್ ಬಿಚ್ಚಿದಾಗ ಅದರ ತೂತಿಗೆ ಹೆಬ್ಬೆರಳು ಒತ್ತಿ, ಜತೆಯವರಿಂದ ಹಗ್ಗ ಜಗ್ಗಿಸುವುದೂ ಉಂಟು. ಬೆರಳನ್ನು ಎತ್ತಿ ಒಗೆಯುವಂತೆ ಗಾಳಿ ಬಂದರೆ ಕಂಪ್ರೆಷನ್ ಇದೆ ಎಂದು ಮೇಸ್ತ್ರಿಯ ಮುಖ ಸಡಿಲವಾಗುತ್ತದೆ.

ಎಂಜಿನ್ ಓಡಿತೆಂದು ಇಲ್ಲಿಗೇ ನಿಲ್ಲಿಸುವುದು ಪಂಪ್‌ಸೆಟ್ ಮತ್ತು ಸ್ಪ್ರೇಯರ್ ಬಲ್ಲವರು ಎಡವಬಹುದಾದ ಜಾಗ. ಸ್ಪ್ರೇಯರ್ ಗಾಳಿಗೆ ತಣಿಯುತ್ತದೆ. ಓಬಿಎಂ ಹೊಳೆಯ ನೀರನ್ನೇ ಎಳೆದು ತಣಿಯಬೇಕು. ನೀರೆಳೆಯುವುದು ಶಾಫ್ಟಿನ ಕೆಳಗಿರುವ ರಬ್ಬರಿನ ಇಂಪೆಲ್ಲರ್. ತಿಂಗಳುಗಟ್ಟಲೆ ಒಂದೇ ಭಂಗಿಯಲ್ಲಿ ಒತ್ತಿಕೊಂಡು ಕೂತ ಅದರ ರೆಕ್ಕೆಗಳು ಬಾಗಿದಂತೆಯೇ ಬಿರುಸಾಗುತ್ತವೆ. ನೀರಿಲ್ಲದೆ ಓಡಿಸಿದರೆ ಅರೆ ನಿಮಿಷವೇ ಅದನ್ನು ಕೆಡಿಸಲು ಸಾಕಾದೀತು. ಅದಕ್ಕೇ ಇನ್ನೂರು ಲೀಟರಿನ ಬ್ಯಾರಲ್. ನೀರು ತುಂಬಿ, ಪಂಕದ ಮೇಲಿನ ಅಗಲ ತಗಡೂ ಮುಳುಗುವಂತೆ ಎಂಜಿನ್ನನ್ನು ಅಂಚಿಗೆ ತೂಗುಹಾಕಿ ಚಾಲೂ ಮಾಡುತ್ತಾರೆ. ಹಿಂಬದಿಯ ಸಣ್ಣ ತೂತಿನಿಂದ ಬೆರಳು ಗಾತ್ರದ ನೀರಿನ ಧಾರೆ ಚಿಮ್ಮಬೇಕು. ಧಾರೆ ಸೊರಗಿದ್ದರೆ ತಕ್ಷಣ ಬಂದ್ ಮಾಡಿ ಇಂಪೆಲ್ಲರ್ ಬದಲಿಸಬೇಕು. ತೂತಿನಲ್ಲಿ ಕಣಜ ಗೂಡು ಕಟ್ಟಿರುವ ಸಾಧ್ಯತೆಯೂ ಇದೆ, ಆ ಮಣ್ಣು ತೆಗೆಯಲು ಕಡ್ಡಿಯೇ ಸಾಕು. ಕೊನೆಗೆ ಗೇರ್ ಪೆಟ್ಟಿಗೆಯ ಕೆಳ ತಿರುಪು ಬಿಚ್ಚಿ ಆಯಿಲ್ ನೋಡಬೇಕು. ಹಾಲು ಬೆರೆತಂತಿದ್ದರೆ ಸೀಲ್ ಹೋಗಿ ನೀರು ಸೇರಿದೆ ಎಂದರ್ಥ.

ಬ್ಯಾರಲ್ಲಿನಲ್ಲಿ ಪಾಸಾದದ್ದು ಹೊಳೆಯಲ್ಲೂ ಪಾಸಾಗಬೇಕು, ಏಕೆಂದರೆ ಭಾರ ಬಿದ್ದಾಗಲೇ ಮೇನ್ ಜೆಟ್ಟಿನ ಬಣ್ಣ ಬಯಲಾಗುವುದು. ಮುಂಡರಗಿ ತಾಲ್ಲೂಕಿನ ಹಮ್ಮಿಗಿ ಬಳಿ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ತುಂಗಭದ್ರೆಯನ್ನು ತಡೆದಿದೆ. ಅದರ ಹಿನ್ನೀರಿನಂಥ ಆಳದ, ಸೆಳವಿಲ್ಲದ ನೀರು ಇಂಥ ಓಟಕ್ಕೆ ತಕ್ಕ ಜಾಗ. ದೋಣಿಯಲ್ಲಿ ನಾಲ್ಕೈದು ಜನ ಕೂತು, ಲೈಫ್ ಜಾಕೆಟ್ ತೊಟ್ಟು, ಹತ್ತು ನಿಮಿಷ ಪೂರ್ತಿ ವೇಗದಲ್ಲಿ ಓಡಿಸಿದರೆ ಉಳಿದ ದೋಷಗಳೂ ಹೊರಬೀಳುತ್ತವೆ. ಈ ಕೆಲಸ ತಿಂಗಳಿಗೊಮ್ಮೆ ಆಗಬೇಕು. ಆಗ ಮಳೆಗಾಲದ ಮುಂದೆ ಕಾರ್ಬೊರೇಟರ್ ಬಿಚ್ಚುವ ಪ್ರಮೇಯವೇ ವಿರಳ. ಓಟ ಮುಗಿದ ಮೇಲೆ ದಡದಲ್ಲಿ ಪೆಟ್ರೋಲ್ ಪೈಪು ಕಳಚಿ, ಎಂಜಿನ್ನಿನ ತುದಿ ನೀರಿನಲ್ಲಿರುವಾಗಲೇ ಬಟ್ಟಲಿನ ಪೆಟ್ರೋಲ್ ಮುಗಿದು ತಾನಾಗಿ ನಿಲ್ಲುವವರೆಗೆ ಓಡಿಸಿಡಬೇಕು; ತಳದಲ್ಲಿ ಉಳಿಯುವ ಹನಿಗಳಿಗೆ ಬಟ್ಟಲಿನ ತಿರುಪನ್ನೂ ಸಡಿಲಿಸಬೇಕು.

ಬಿಡಿಭಾಗಗಳ ಚಿಂತೆಯೂ ಬೇಸಿಗೆಯಲ್ಲೇ ಮುಗಿಯುವುದು ಒಳಿತು. ಪ್ಲಗ್, ಗೇರ್ ಆಯಿಲ್, ಹಗ್ಗ ಗದಗ–ಬೆಟಗೇರಿಯ ಪೇಟೆಯಲ್ಲೇ ಸಿಕ್ಕಾವು. ಇಂಪೆಲ್ಲರ್ ಮಾತ್ರ ಆಯಾ ಮಾದರಿಯದೇ ಆಗಬೇಕು, ಹೊರಗಿನಿಂದ ತರಿಸುವುದಾದರೆ ದಿನ ಹಿಡಿಯುತ್ತದೆ. ಮೇ ತಿಂಗಳಲ್ಲಿ ಎರಡು ಇಂಪೆಲ್ಲರ್, ಒಂದು ಜತೆ ಪ್ಲಗ್, ಬಲ್ಬಿನ ಸಮೇತ ಪೆಟ್ರೋಲ್ ಪೈಪು, ಕೆಂಪು ದಾರದ ಹೆಚ್ಚುವರಿ ಕ್ಲಿಪ್ಪು ತರಿಸಿ ದೋಣಿಯ ಜತೆಗೇ ಪೆಟ್ಟಿಗೆಯಲ್ಲಿಟ್ಟರೆ, ಜುಲೈ ಕೊನೆಗೆ ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟ ಸುದ್ದಿ ಬಂದ ದಿನ ಮೇಸ್ತ್ರಿಯನ್ನು ಹುಡುಕಿಕೊಂಡು ಓಡಬೇಕಿಲ್ಲ.