ಉಪನಗರಕ್ಕೆ ಗಾಂಧಿ ಕ್ಲಾಸ್ ಬೇಡವೇ?

ಮಲ್ಟಿಪ್ಲೆಕ್ಸ್ ಟಿಕೆಟ್ ದರಕ್ಕೆ ಮಿತಿ ಹಾಕುವ ಪ್ರಯತ್ನ ಕರ್ನಾಟಕದಲ್ಲಿ ಎರಡು ಬಾರಿ ನಡೆದಿದೆ. 2017ರ ಮೇ ತಿಂಗಳಲ್ಲಿ ಹೊರಟ ಆದೇಶ 200 ರೂಪಾಯಿಯ ಗೆರೆ ಎಳೆಯಿತು. ಅದು ನ್ಯಾಯಾಲಯದ ಮೆಟ್ಟಿಲೇರಿತು. 2025ರ ಮಾರ್ಚ್ ತಿಂಗಳ ಬಜೆಟ್ಟಿನಲ್ಲಿ ಅದೇ ಮಾತು ಮರಳಿ ಬಂತು. ಸೆಪ್ಟೆಂಬರ್ 12ರಂದು ನಿಯಮ ಜಾರಿಗೆ ಬಂದರೆ 23ರಂದು ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ನೀಡಿತು. ಕಾನೂನಿನ ತೀರ್ಮಾನ ಏನೇ ಇರಲಿ, ಈ ಚರ್ಚೆಯಲ್ಲಿ ಕೇಳಲೇಬೇಕಾಗಿದ್ದ ಒಂದು ಪ್ರಶ್ನೆಯನ್ನು ಕೇಳಿದವರು ಕಡಿಮೆ. ಸಾವಿರಾರು ಮನೆಗಳಿರುವ ಬಡಾವಣೆಯೊಂದರಲ್ಲಿ ಸಿನಿಮಾ ನೋಡಬೇಕೆನ್ನುವವನಿಗೆ ಮಾಲ್‌ನ ಮೇಲಂತಸ್ತಿನ ಆ ಒಂದು ಮಲ್ಟಿಪ್ಲೆಕ್ಸ್ ಬಿಟ್ಟರೆ ಬೇರೆ ಗತಿಯೇ ಇಲ್ಲದಂತಾದದ್ದು ಏಕೆ?

ಕೆಂಪೇಗೌಡ ರಸ್ತೆಯಲ್ಲಿ ಚಿತ್ರಮಂದಿರಗಳು ಸಾಲುಗಟ್ಟಿದ್ದ ಕಾಲದಲ್ಲಿ ಪ್ರೇಕ್ಷಕನಿಗೆ ಆಯ್ಕೆಯಿತ್ತು. ಸಾಗರ್‌ನಲ್ಲಿ ಟಿಕೆಟ್ ಸಿಗದಿದ್ದರೆ ನಾಲ್ಕು ಹೆಜ್ಜೆ ನಡೆದು ಇನ್ನೊಂದರ ಗೇಟಿನ ಮುಂದೆ ನಿಲ್ಲಬಹುದಿತ್ತು. ಕಪಾಲಿಯಂಥ ಕಪಾಲಿಯೇ 2017ರಲ್ಲಿ ನೆಲಸಮವಾಯಿತು. ಅಷ್ಟರಲ್ಲಿ ಊರು ಯಲಹಂಕ, ಕೆಂಗೇರಿ, ವೈಟ್‌ಫೀಲ್ಡ್‌ಗಳ ಆಚೆಗೂ ಹಬ್ಬಿತ್ತು. ಯಲಹಂಕ ಉಪನಗರದಿಂದ ಮೆಜೆಸ್ಟಿಕ್‌ಗೆ ಸುಮಾರು 15 ಕಿಲೋಮೀಟರ್. ಸಂಜೆಯ ವಾಹನ ದಟ್ಟಣೆಯಲ್ಲಿ ಆ ದೂರವನ್ನು ಕ್ರಮಿಸಿ, ಎರಡನೇ ಪ್ರದರ್ಶನ ಮುಗಿದ ಮೇಲೆ ಬಸ್ಸಿಗಾಗಿ ಕಾಯುವ ಉತ್ಸಾಹ ಯಾವ ಸಂಸಾರಸ್ಥನಿಗಿದೆ? ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಇದು ಸ್ಥಳೀಯ ಏಕಸ್ವಾಮ್ಯ. ಔಷಧದ ಅಂಗಡಿಗೂ ದಿನಸಿ ಅಂಗಡಿಗೂ ಬಡಾವಣೆಯೊಳಗೇ ಪೈಪೋಟಿ ಇದೆ. ಚಿತ್ರಮಂದಿರಕ್ಕೆ ಮಾತ್ರ ಇಲ್ಲ.

ಈ ಏಕಸ್ವಾಮ್ಯವನ್ನು ವ್ಯಾಪಾರಿಗಳು ಹುನ್ನಾರ ಮಾಡಿ ಕಟ್ಟಿಕೊಂಡರೆಂದು ನಾನು ಹೇಳಲಾರೆ. ಅದನ್ನು ನಮ್ಮ ನಕ್ಷೆಗಳೇ ಕಟ್ಟಿಕೊಟ್ಟವು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯ್ದೆ ‘ನಾಗರಿಕ ಸೌಕರ್ಯ’ ಎಂದರೆ ಏನೆಂದು ಪಟ್ಟಿ ಮಾಡುತ್ತದೆ. ಮಾರುಕಟ್ಟೆ, ಅಂಚೆ ಕಚೇರಿ, ಬ್ಯಾಂಕು, ನ್ಯಾಯಬೆಲೆ ಅಂಗಡಿ, ಹಾಲಿನ ಮಳಿಗೆ, ಶಾಲೆ, ಹೆರಿಗೆ ಆಸ್ಪತ್ರೆ, ಗ್ರಂಥಾಲಯ, ವ್ಯಾಯಾಮಶಾಲೆ, ಬಸ್ ನಿಲ್ದಾಣ, ಪೊಲೀಸ್ ಠಾಣೆ, ಇವೆಲ್ಲ ಅದರಲ್ಲಿವೆ. ಧಾರ್ಮಿಕ, ಸಾಂಸ್ಕೃತಿಕ ಚಟುವಟಿಕೆಗಳ ಕೇಂದ್ರಗಳೂ ಇವೆ. ಚಿತ್ರಮಂದಿರ ಇಲ್ಲ. ದಕ್ಷಿಣ ಭಾರತದ ಮಧ್ಯಮ ವರ್ಗ ವಾರಕ್ಕೊಮ್ಮೆಯಾದರೂ ಸಿನಿಮಾಕ್ಕೆ ಹೋಗುತ್ತಿದ್ದ ಕಾಲದಲ್ಲಿ ರೂಪುಗೊಂಡ ಪಟ್ಟಿ ಇದು ಎಂಬುದನ್ನು ನೆನೆದರೆ ಸೋಜಿಗವಾಗುತ್ತದೆ. ಸಿನಿಮಾ ಸೌಕರ್ಯವಲ್ಲ, ವಾಣಿಜ್ಯ ಎಂದು ನಾವು ಅಧಿಕಾರಿಗಳು ತಿಳಿದಿದ್ದೆವು. ವಾಣಿಜ್ಯ ಎಂದಾದ ಮೇಲೆ ಅದು ವಾಣಿಜ್ಯ ನಿವೇಶನದ ಹರಾಜಿನ ಬೆಲೆಗೆ ತಲೆಬಾಗಲೇಬೇಕು. ಆ ಬೆಲೆಯನ್ನು ಒಂಟಿ ಪರದೆಯ ಟಾಕೀಸು ತಾಳಿಕೊಳ್ಳಲಾರದು, ಮಾಲ್ ಮಾತ್ರ ತಾಳಿಕೊಳ್ಳುತ್ತದೆ.

ಇದಕ್ಕೆ ಅಪವಾದ ಇರಲಿಲ್ಲವೆಂದಲ್ಲ. ಜಯನಗರ 4ನೇ ಬ್ಲಾಕಿನ ಸಾರ್ವಜನಿಕ ವಾಣಿಜ್ಯ ಸಂಕೀರ್ಣದಲ್ಲಿ ಪುಟ್ಟಣ್ಣ ಕಣಗಾಲರ ಹೆಸರಿನ ಚಿತ್ರಮಂದಿರವಿತ್ತು. ತರಕಾರಿ ಕೊಂಡು, ಪುಸ್ತಕದಂಗಡಿ ನೋಡಿ, ಅಲ್ಲೇ ಮ್ಯಾಟಿನಿಗೆ ನುಗ್ಗಬಹುದಿತ್ತು. ಬಡಾವಣೆಯ ನಡುವೆ, ಪೇಟೆಗೆ ಅಂಟಿಕೊಂಡು, ನಡೆದೇ ತಲಪುವ ಚಿತ್ರಮಂದಿರ! ಅದನ್ನು ಕೆಡವಿದ್ದಾಯಿತು. ಆ ಮಾದರಿಯನ್ನು ಬೇರೆ ಬಡಾವಣೆಗಳಲ್ಲಿ ಅನುಸರಿಸುವ ಮನಸ್ಸನ್ನು ನಾವು ಮಾಡಲಿಲ್ಲ.

ದೆಹಲಿಯ ಕಥೆ ಬೇರೆ. ಅಲ್ಲಿನ ಅಭಿವೃದ್ಧಿ ಪ್ರಾಧಿಕಾರ ವಸತಿ ಕಾಲೊನಿಗಳ ನಡುವೆ ‘ಸಮುದಾಯ ಕೇಂದ್ರ’ಗಳನ್ನು ಕಟ್ಟುವಾಗ ಚಿತ್ರಮಂದಿರಕ್ಕೂ ಜಾಗ ಇಟ್ಟಿತು. ವಸಂತ ವಿಹಾರದ ಪ್ರಿಯಾ, ಸಾಕೇತ್‌ನ ಅನುಪಮ್ ಹೀಗೆ ತಲೆಯೆತ್ತಿದಂಥವು. ದೇಶದ ಮೊದಲ ಮಲ್ಟಿಪ್ಲೆಕ್ಸ್ ಎಂದು ಹೆಸರಾದದ್ದು ಇದೇ ಅನುಪಮ್. 1997ರಲ್ಲಿ ಅದರ ಒಂದು ಪರದೆ ನಾಲ್ಕಾಯಿತು. ಗಮನಿಸಬೇಕಾದ ಅಂಶವೆಂದರೆ, ಅದು ಮಾಲ್‌ನೊಳಗೆ ಹುಟ್ಟಲಿಲ್ಲ. ಕಾಲೊನಿಯ ತೆರೆದ ಅಂಗಳದಲ್ಲಿ, ಅಂಗಡಿಗಳ ನಡುವೆ ಹುಟ್ಟಿತು. ಆಟ ಶುರುವಾಗುವ ಮುನ್ನ ಹೊರಗೆ ತಿಂದು ಒಳಗೆ ಹೋಗಬಹುದಾದ ಕಡೆ ಪಾಪ್‌ಕಾರ್ನ್‌ಗೆ ಸ್ವಲ್ಪವಾದರೂ ಅಂಕುಶ ಇರುತ್ತದೆ.

ಪಾಪ್‌ಕಾರ್ನಿನ ಮಾತು ಹಗುರವಾದದ್ದಲ್ಲ. ದರ ಮಿತಿಯ ತಿರುಳೇ ಅಲ್ಲಿದೆ. ನಿರ್ಮಾಪಕರಿಗೂ ಮಲ್ಟಿಪ್ಲೆಕ್ಸ್‌ಗಳಿಗೂ 2009ರಲ್ಲಿ ತಿಂಗಳುಗಟ್ಟಲೆ ಜಟಾಪಟಿ ನಡೆದು, ಹಿಂದಿ ಚಿತ್ರಗಳ ಮಟ್ಟಿಗೆ ಒಂದು ಒಪ್ಪಂದವಾಯಿತು. ಅದರಂತೆ ಟಿಕೆಟ್ ಹಣದಲ್ಲಿ ಮೊದಲ ವಾರ ವಿತರಕನಿಗೆ ಶೇ 50, ಎರಡನೇ ವಾರ 42.5, ಮೂರನೇ ವಾರ 37.5, ಆಮೇಲೆ 30. ತಿಂಡಿಯ ಹಣದಲ್ಲಿ ಅವನಿಗೆ ಒಂದು ಕಾಸೂ ಇಲ್ಲ. ಈಗ ಒಂದು ಲೆಕ್ಕ ಹಾಕೋಣ. ತೆರಿಗೆ ಬಿಟ್ಟು 300 ರೂಪಾಯಿಯ ಟಿಕೆಟನ್ನು ಸರ್ಕಾರ 200ಕ್ಕೆ ಇಳಿಸಿತೆನ್ನಿ. ಮೊದಲ ವಾರ ಇಬ್ಬರ ಪಾಲೂ 150ರಿಂದ 100ಕ್ಕೆ ಇಳಿಯುತ್ತದೆ. ಮಲ್ಟಿಪ್ಲೆಕ್ಸಿನವನು ತನ್ನ 50 ರೂಪಾಯಿಯನ್ನು ಕಾಫಿ, ಪಾಪ್‌ಕಾರ್ನ್‌ಗಳ ಮೇಲೆ ಹೇರಿ ವಸೂಲು ಮಾಡಬಲ್ಲ. ಹೊರಗಿನ ತಿಂಡಿಯನ್ನು ತಡೆಯುವ ಹಕ್ಕು ಚಿತ್ರಮಂದಿರದ ಮಾಲೀಕನಿಗೆ ಇದೆಯೆಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಉಚಿತ ಕುಡಿಯುವ ನೀರು, ಹಸುಗೂಸಿನ ಆಹಾರ ಇವಿಷ್ಟಕ್ಕೇ ವಿನಾಯಿತಿ. ನಿರ್ಮಾಪಕ ತನ್ನ 50 ರೂಪಾಯಿಯನ್ನು ಎಲ್ಲಿ ಹುಡುಕಬೇಕು? ಪ್ರೇಕ್ಷಕರ ಸಂಖ್ಯೆ ಅರ್ಧದಷ್ಟು ಹೆಚ್ಚಾದರೆ ಮಾತ್ರ ಅವನಿಗೆ ಮೊದಲಿನ ಹಣ ಕೈಸೇರುತ್ತದೆ. ಕನ್ನಡ ಚಿತ್ರೋದ್ಯಮವನ್ನು ಕಾಪಾಡುವ ಹೆಸರಿನಲ್ಲಿ ತಂದ ಮಿತಿ ಸಣ್ಣ ಕನ್ನಡ ನಿರ್ಮಾಪಕನ ಕಿಸೆಗೇ ಮೊದಲು ಕೈಹಾಕಬಹುದು.

ಹಾಗೆಂದು ದರ ಇಳಿದರೆ ಜನ ಬರುವುದಿಲ್ಲವೆಂದು ಭಾವಿಸಬೇಕಾಗಿಲ್ಲ. 2022ರ ಸೆಪ್ಟೆಂಬರ್ 23ರಂದು ‘ರಾಷ್ಟ್ರೀಯ ಸಿನಿಮಾ ದಿನ’ವೆಂದು ದೇಶದಾದ್ಯಂತ 75 ರೂಪಾಯಿಗೆ ಟಿಕೆಟ್ ಕೊಟ್ಟಾಗ ಮಲ್ಟಿಪ್ಲೆಕ್ಸ್ ಸಂಘವೇ 65 ಲಕ್ಷ ಪ್ರೇಕ್ಷಕರ ಲೆಕ್ಕ ಕೊಟ್ಟಿತು. ಒಂದು ದಿನದ ಜಾತ್ರೆಯನ್ನು ವರ್ಷದ ನಿಯಮವಾಗಿ ಹಿಗ್ಗಿಸಲಾಗದು, ನಿಜ. ಆದರೆ ಆ ದಿನ ಬಂದವರಲ್ಲಿ ಬಹಳ ಮಂದಿ ಉಳಿದ ದಿನಗಳಲ್ಲಿ ಹೊರಗೇ ಉಳಿಯುವವರು ಎಂಬುದಂತೂ ಅದರಿಂದ ತಿಳಿಯುತ್ತದೆ.

ಅವರು ಯಾರೆಂದು ಯೋಚಿಸಬೇಕು. ಬಡಾವಣೆಯೆಂದರೆ ಫ್ಲ್ಯಾಟುಗಳ ಒಡೆಯರಷ್ಟೇ ಅಲ್ಲ. ಗೇಟಿನ ಕಾವಲುಗಾರ, ಮನೆಗೆಲಸದಾಕೆ, ಕಾರು ತೊಳೆಯುವ ಹುಡುಗ, ಇಸ್ತ್ರಿಯವನು, ಇವರೆಲ್ಲ ಅದೇ ಬಡಾವಣೆಯ ಅಂಚಿನಲ್ಲಿ ಬದುಕುವವರು. ಹಳೆಯ ಟಾಕೀಸಿನಲ್ಲಿ ಇವರಿಗೊಂದು ಜಾಗವಿತ್ತು: ಪರದೆಗೆ ಅಂಟಿಕೊಂಡ ಗಾಂಧಿ ಕ್ಲಾಸ್. ನಾನು ಉಪವಿಭಾಗಾಧಿಕಾರಿಯಾಗಿದ್ದ ದಿನಗಳಲ್ಲಿ ಟಾಕೀಸುಗಳ ತಪಾಸಣೆಗೆ ಹೋದಾಗ ಮರಳಿನ ಬಕೆಟ್ಟು, ಶೌಚಾಲಯಗಳ ಜೊತೆಗೆ ಯಾವ ದರ್ಜೆಗೆ ಎಷ್ಟು ಆಸನ ಎಂಬುದನ್ನೂ ಎಣಿಸುವುದಿತ್ತು. ಬಾಲ್ಕನಿಯವನು ಹೆಚ್ಚು ಕೊಟ್ಟದ್ದರಿಂದ ಗಾಂಧಿ ಕ್ಲಾಸಿನವನಿಗೆ ಕಡಿಮೆಯಾಗುತ್ತಿತ್ತು. ಚಿತ್ರ ಮಾತ್ರ ಇಬ್ಬರಿಗೂ ಒಂದೇ, ಶಿಳ್ಳೆ ಕೆಳಗಿನಿಂದ ಮೊದಲು ಬರುತ್ತಿತ್ತು ಅಷ್ಟೆ. ಮಲ್ಟಿಪ್ಲೆಕ್ಸ್ ದರವನ್ನು ವಾರದ ದಿನಕ್ಕೆ, ಹೊತ್ತಿಗೆ ತಕ್ಕಂತೆ ಬದಲಿಸುತ್ತದೆ. ಸಾಲಿನಿಂದ ಸಾಲಿಗೆ ಇರುವ ವ್ಯತ್ಯಾಸ ಅಲ್ಪ.

ನನ್ನ ವಯಸ್ಸಿನವರಿಗೆ ಮಲ್ಟಿಪ್ಲೆಕ್ಸ್‌ನಿಂದ ಆದ ಉಪಕಾರವನ್ನು ಮರೆಯಲಾರೆ. ಲಿಫ್ಟ್ ಇದೆ, ಶುಚಿಯಾದ ಶೌಚಾಲಯವಿದೆ, ಹೆಣ್ಣುಮಕ್ಕಳು ರಾತ್ರಿಯ ಆಟಕ್ಕೂ ಅಂಜದೆ ಹೋಗುತ್ತಾರೆ. ಸಾವಿರ ಆಸನದ ಟಾಕೀಸು ಮುಟ್ಟಲೊಲ್ಲದ ಸಣ್ಣ ಚಿತ್ರಕ್ಕೆ ನೂರೈವತ್ತು ಆಸನದ ಪರದೆಯಲ್ಲಿ ಒಂದು ವಾರವಾದರೂ ಆಸರೆ ಸಿಗುತ್ತದೆ. ಆದ್ದರಿಂದ ಎಲ್ಲ ಆಸನಗಳ ಬೆಲೆಯನ್ನೂ ತಗ್ಗಿಸಿ ನನ್ನಂಥ ಪಿಂಚಣಿದಾರನಿಗೆ ರಿಯಾಯಿತಿ ಕೊಡುವುದಕ್ಕಿಂತ, ಮುಂದಿನ ಎರಡು ಸಾಲುಗಳನ್ನು ಪ್ರತಿ ಆಟದಲ್ಲೂ 100 ರೂಪಾಯಿಗೆ ಮೀರದಂತೆ ಮಾರಬೇಕೆಂದು ಪರವಾನಗಿಯಲ್ಲೇ ಷರತ್ತು ವಿಧಿಸುವುದು ಮೇಲು. ಇದು ಹೊಸ ಕಲ್ಪನೆಯೇನೂ ಅಲ್ಲ. ಚೆನ್ನೈನ ಸತ್ಯಂ ಚಿತ್ರಮಂದಿರದ ಮುಂದಿನ ಸಾಲಿನ 10 ರೂಪಾಯಿ ಟಿಕೆಟ್ ಬಹಳ ಕಾಲ ವಿದ್ಯಾರ್ಥಿಗಳ ನಡುವೆ ಮನೆಮಾತಾಗಿತ್ತು. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಅದಕ್ಕೆ ಮೇಲ್ಪಟ್ಟದ್ದರ ಮೇಲೆ ಶೇ 18 ಉಳಿದಿದೆ. ತೆರಿಗೆಯೇ ಒಂದು ಅಗ್ಗದ ದರ್ಜೆಗೆ ದಾರಿ ಮಾಡಿಕೊಟ್ಟಿರುವಾಗ ಅದನ್ನು ಬಳಸಿಕೊಳ್ಳುವ ಜಾಣತನ ನಮಗೆ ಬೇಕು.

ಆದರೂ ಏಕಸ್ವಾಮ್ಯಕ್ಕೆ ನಿಜವಾದ ಮದ್ದು ಎರಡನೆಯ ಚಿತ್ರಮಂದಿರ. ಕೇರಳದಲ್ಲಿ ಸರ್ಕಾರದ ಚಲನಚಿತ್ರ ಅಭಿವೃದ್ಧಿ ನಿಗಮವೇ ತಿರುವನಂತಪುರದ ಕೈರಳಿ, ಶ್ರೀ, ನಿಳಾ ಚಿತ್ರಮಂದಿರಗಳನ್ನು ನಡೆಸುತ್ತದೆ. ಸರ್ಕಾರವೇ ಪ್ರೊಜೆಕ್ಟರ್ ತಿರುಗಿಸಬೇಕೆಂದು ನಾನು ಹೇಳುತ್ತಿಲ್ಲ; ಸರ್ಕಾರ ನಡೆಸುವ ವ್ಯವಹಾರಗಳನ್ನು ಒಳಗಿನಿಂದ ಕಂಡವನಿಗೆ ಅಂಥ ಮೋಹ ಉಳಿದಿರುವುದಿಲ್ಲ. ಜಾಗ ಸರ್ಕಾರದ್ದಿರಲಿ, ಗುತ್ತಿಗೆಯ ಬಾಡಿಗೆ ಕಡಿಮೆಯಿರಲಿ, ಬದಲಿಗೆ ಟಿಕೆಟ್ ದರಕ್ಕೂ ತಿಂಡಿಯ ದರಕ್ಕೂ ಕರಾರಿನಲ್ಲೇ ಮಿತಿಯಿರಲಿ. ಖಾಸಗಿ ಮಾಲೀಕನ ಬೆಲೆಗೆ ಕೈಹಾಕಿದಾಗ ಏಳುವ ಸಂವಿಧಾನದ ತಕರಾರು ಇಲ್ಲಿ ಏಳಲಾರದು, ಏಕೆಂದರೆ ಅವನು ಒಪ್ಪಿ ಸಹಿ ಹಾಕಿದ ಷರತ್ತು ಅದು.

ನಾಡಪ್ರಭು ಕೆಂಪೇಗೌಡ ಬಡಾವಣೆಯಂಥ ಹೊಸ ಬಡಾವಣೆಗಳಲ್ಲಿ ಮನೆಗಳೇ ಇನ್ನೂ ಪೂರ್ತಿ ಎದ್ದಿಲ್ಲ. ಅಲ್ಲಿ ಎರಡು ಪರದೆಯ ಚಿತ್ರಮಂದಿರಕ್ಕೆ ಒಂದು ನಾಗರಿಕ ಸೌಕರ್ಯ ನಿವೇಶನ ಮೀಸಲಿಡುವುದು ಕಷ್ಟವಲ್ಲ. ಕಾಯ್ದೆಗೆ ತಿದ್ದುಪಡಿಯೂ ಬೇಕಿಲ್ಲ. ‘ಸರ್ಕಾರವು ಅಧಿಸೂಚನೆಯ ಮೂಲಕ ನಿರ್ದಿಷ್ಟಪಡಿಸಬಹುದಾದ ಇತರ ಸೌಕರ್ಯ’ ಎಂಬ ಅರ್ಥದ ಅವಕಾಶ ಆ ಪಟ್ಟಿಯ ಕೊನೆಯಲ್ಲೇ ಇದೆ. ನಗರಾಭಿವೃದ್ಧಿ ಇಲಾಖೆಯ ಅಧೀನ ಕಾರ್ಯದರ್ಶಿಯೊಬ್ಬರು ಒಂದು ಮಧ್ಯಾಹ್ನದಲ್ಲಿ ಕರಡು ತಯಾರಿಸಬಹುದಾದ ಕಾಗದ ಅದು.