ಕರಡಿ ಕಾಟಕ್ಕೆ ಬೇಟೆಯೇ ಮದ್ದೆ?

ಊರೊಳಗೆ ಕರಡಿ ಕಾಣಿಸಿಕೊಂಡರೆ, ‘ಕಾಡಿನಲ್ಲಿ ಅವುಗಳ ಸಂಖ್ಯೆ ಹೆಚ್ಚಾಗಿದೆ, ಒಂದಷ್ಟನ್ನು ಬೇಟೆಯಾಡಿದರೆ ಕಾಟ ತಪ್ಪುತ್ತದೆ’ ಎಂಬ ವಾದ ಉತ್ತರ ಅಮೆರಿಕದಲ್ಲಿ ಸಾಮಾನ್ಯ. ಸರಿಯೆಂದು ತೋರುವ ಈ ವಾದವನ್ನು ಪರೀಕ್ಷಿಸುವುದು ಹೇಗೆ? ಕೆನಡಾದ ಆಂಟೇರಿಯೊ ಪ್ರಾಂತ್ಯದ ಅನುಭವವನ್ನು ಗಮನಿಸಿ.

ಅಲ್ಲಿ ಕಪ್ಪು ಕರಡಿಯ (ಉರ್ಸಸ್ ಅಮೆರಿಕಾನಸ್) ಬೇಟೆಗೆ ವಸಂತ ಹಾಗೂ ಶರತ್ಕಾಲಗಳಲ್ಲಿ ಅನುಮತಿಯಿತ್ತು. ವಸಂತದಲ್ಲಿ ತಾಯಿ ಕರಡಿ ಸತ್ತರೆ ಆಗಷ್ಟೇ ಗುಹೆಯಿಂದ ಹೊರಬಂದ ಮರಿಗಳು ಬದುಕುವುದು ಕಷ್ಟ. ಈ ಆಕ್ಷೇಪಕ್ಕೆ ಮಣಿದು ಸರ್ಕಾರ 1999ರಲ್ಲಿ ವಸಂತದ ಬೇಟೆಯನ್ನು ನಿಲ್ಲಿಸಿತು. ಶರತ್ಕಾಲದ ಬೇಟೆ ಮುಂದುವರಿಯಿತು. ಆದರೆ ಉತ್ತರ ಭಾಗದ ಪಟ್ಟಣಗಳು ಕರಡಿ ಕಾಟ ಹೆಚ್ಚಿತೆಂದು ದೂರಿದವು. 2014ರಲ್ಲಿ 8 ವನ್ಯಜೀವಿ ನಿರ್ವಹಣಾ ವಲಯಗಳಲ್ಲಿ ವಸಂತದ ಬೇಟೆ ಪ್ರಾಯೋಗಿಕವಾಗಿ ಮತ್ತೆ ಆರಂಭವಾಯಿತು.

ಇದರಿಂದ ವಿಜ್ಞಾನಿಗಳಿಗೆ ಒಂದು ಅವಕಾಶ ದೊರೆಯಿತು. ಬೇಟೆ ಆರಂಭವಾದ ವಲಯಗಳನ್ನು ಆರಂಭವಾಗದ ವಲಯಗಳೊಡನೆ ಹೋಲಿಸಬಹುದಾಗಿತ್ತು. 2023ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಬೇಟೆಗೆ ಬಲಿಯಾದ ಕರಡಿಗಳ ಸಂಖ್ಯೆ ಹೆಚ್ಚಿತು. ಆದರೆ ಮಾನವ–ಕರಡಿ ಸಂಘರ್ಷ ಕಡಿಮೆಯಾಗಲಿಲ್ಲ.

ಹೀಗೇಕೆ? ಉತ್ತರ ಕರಡಿಯ ಹೊಟ್ಟೆಯಲ್ಲಿದೆ. ಚಳಿಗಾಲದ ದೀರ್ಘ ನಿದ್ರೆಗೆ ಮೊದಲು ಅದು ಸಾಕಷ್ಟು ಕೊಬ್ಬು ಕೂಡಿಸಿಕೊಳ್ಳಬೇಕು. ಹೆಣ್ಣು ಕರಡಿ ಬೇಸಿಗೆಯಲ್ಲಿ ಕೂಡಿದರೂ ಭ್ರೂಣವು ಗರ್ಭಕೋಶಕ್ಕೆ ಅಂಟಿಕೊಳ್ಳುವುದು ಚಳಿಗಾಲದ ಹೊಸ್ತಿಲಲ್ಲಿ. ತಾಯಿಗೆ ಸಾಕಷ್ಟು ಕೊಬ್ಬಿಲ್ಲದಿದ್ದರೆ ಆ ವರ್ಷ ಮರಿಗಳೇ ಆಗದಿರಬಹುದು. ಹಾಗಾಗಿ ಕಾಡಿನ ಹಣ್ಣು, ಕಾಯಿಗಳ ಫಸಲು ಕೈಕೊಟ್ಟ ವರ್ಷ ಕರಡಿಗಳು ಊರಿನ ಕಸದ ತೊಟ್ಟಿಗಳತ್ತ ತಿರುಗುತ್ತವೆ. ಕಾಡಿನಲ್ಲಿ ಬೇಟೆಯಾಡಿ ಕೊಂದ ಕರಡಿ ಊರಿಗೆ ಬರುತ್ತಿದ್ದ ಕರಡಿಯೇ ಆಗಿರಬೇಕೆಂದೇನೂ ಇಲ್ಲ.

ಹಾಗಾದರೆ ಬೇರೆ ದಾರಿ? ಅಮೆರಿಕದ ಕೊಲೊರಾಡೊ ರಾಜ್ಯದ ಡುರಾಂಗೊ ಪಟ್ಟಣದಲ್ಲಿ ಕರಡಿ ತೆರೆಯಲಾಗದಂಥ ಸಾವಿರಕ್ಕೂ ಹೆಚ್ಚು ಕಸದ ತೊಟ್ಟಿಗಳನ್ನು ಕೆಲವು ಬಡಾವಣೆಗಳಿಗೆ ಹಂಚಲಾಯಿತು. ಹಂಚದ ಬಡಾವಣೆಗಳಿಗೆ ಹೋಲಿಸಿದಾಗ ಅಲ್ಲಿ ಕಸದಿಂದಾಗುವ ಸಂಘರ್ಷ ಶೇ. 60ರಷ್ಟು ಕಡಿಮೆಯಿತ್ತು ಎಂದು 2018ರ ವರದಿ ತಿಳಿಸಿತು. ತೊಟ್ಟಿ ಕೊಟ್ಟರಷ್ಟೇ ಸಾಲದು, ಜನ ಮುಚ್ಚಳಕ್ಕೆ ಚಿಲಕ ಹಾಕಲೂಬೇಕು.

ಇಷ್ಟರಿಂದಲೇ ಬೇಟೆ ಸದಾ ನಿಷ್ಪ್ರಯೋಜಕವೆಂದು ತೀರ್ಮಾನಿಸಬೇಡಿ. ಜನಸಾಂದ್ರತೆ ಹೆಚ್ಚಿರುವ ನ್ಯೂಜೆರ್ಸಿ ರಾಜ್ಯದಲ್ಲಿ, ಬೇಟೆಯ ಜೊತೆಗೆ ಕಾಟ ಕೊಡುವ ಕರಡಿಗಳನ್ನು ಗುರುತಿಸಿ ಕ್ರಮ ಕೈಗೊಂಡಾಗ ಸಂಘರ್ಷ ತಗ್ಗಿತೆಂದು 2017ರ ಅಧ್ಯಯನವೊಂದು ಹೇಳಿದೆ.

ಇಲ್ಲಿ ಮೂರು ಪ್ರಶ್ನೆಗಳನ್ನು ಬೇರ್ಪಡಿಸಬೇಕು. ಕರಡಿಗಳ ಸಂಖ್ಯೆ ತಗ್ಗಿಸುವುದು ಹೇಗೆ? ಸಂಘರ್ಷ ತಗ್ಗಿಸುವುದು ಹೇಗೆ? ಬೇಟೆ ನೈತಿಕವಾಗಿ ಸರಿಯೇ? ಮೊದಲ ಎರಡನ್ನು ಅಳೆದು ನೋಡಬಹುದು. ಮೂರನೆಯದನ್ನು ಸಮಾಜವೇ ತೀರ್ಮಾನಿಸಬೇಕು. ಆಂಟೇರಿಯೊ 2021ರಲ್ಲಿ ವಸಂತದ ಬೇಟೆಯನ್ನು ಕಾಯಂಗೊಳಿಸಿತು. ಮರಿಗಳನ್ನೂ ಮರಿಗಳಿರುವ ತಾಯಿಯನ್ನೂ ಕೊಲ್ಲುವುದು ಅಲ್ಲಿ ಅಪರಾಧ. ಸಂಘರ್ಷ ತಗ್ಗಿತೇ ಎಂಬುದಕ್ಕೆ ಸತ್ತ ಕರಡಿಗಳ ಲೆಕ್ಕ ಉತ್ತರವಾಗದು. ಅದಕ್ಕೆ ದೂರುಗಳನ್ನೂ, ಆ ವರ್ಷದ ಕಾಡಿನ ಫಸಲನ್ನೂ ಅಳೆಯಬೇಕು.