ಹಾಟ್ ಸ್ಟೋವ್ ಲೀಗ್

ಹಾಟ್ ಸ್ಟೋವ್ ಲೀಗ್ ಎಂಬುದು ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಒಂದು ಋತುವಿನ ಪಂದ್ಯಗಳು ಮುಗಿದ ಮೇಲೆ ಮುಂದಿನ ಋತು ಆರಂಭವಾಗುವವರೆಗಿನ ಚಳಿಗಾಲದ ಬಿಡುವಿಗೂ, ಆ ಬಿಡುವಿನಲ್ಲಿ ಆಟಗಾರರ ಭವಿಷ್ಯ ಮತ್ತು ತಂಡಗಳ ತೀರ್ಮಾನಗಳನ್ನು ಕುರಿತು ನಡೆಯುವ ಚರ್ಚೆಗೂ ಇರುವ ರೂಢಿಯ ಹೆಸರು. ಹೆಸರಿನಲ್ಲಿ ಲೀಗ್ ಎಂದಿದ್ದರೂ ಇದು ಪಂದ್ಯಾವಳಿಯಲ್ಲ. ಯಾವ ಆಟಗಾರನನ್ನು ಉಳಿಸಿಕೊಳ್ಳಬೇಕು, ಯಾರನ್ನು ಬೇರೆ ತಂಡಕ್ಕೆ ಕೊಡಬೇಕು, ವಯಸ್ಸಾಗುತ್ತಿರುವ ಆಟಗಾರನಿಗೆ ಎಷ್ಟು ವರ್ಷಗಳ ಒಪ್ಪಂದ ನೀಡಬೇಕು ಎಂಬ ಪ್ರಶ್ನೆಗಳು ಇದರ ತಿರುಳು. ಈ ಪ್ರಶ್ನೆಗಳಿಗೆ ಉತ್ತರ ಹೇಳುವ ಅಧಿಕಾರ ಸುಮಾರು ನೂರು ವರ್ಷಗಳ ಕಾಲ ತಂಡಗಳ ಮಾಲೀಕರಿಗೆ ಮಾತ್ರ ಇತ್ತು. 1975ರ ನಂತರವೇ ಆಟಗಾರರಿಗೂ ಅದರಲ್ಲಿ ಪಾಲು ದೊರೆಯಿತು.

ಹೆಸರು ಮತ್ತು ಕಾಲ

ಹಿಂದೆ ಅಮೆರಿಕದ ಸಣ್ಣ ಊರುಗಳ ಅಂಗಡಿಗಳಲ್ಲಿ ಚಳಿಗಾಲದಲ್ಲಿ ಕಾದ ಒಲೆಯ ಸುತ್ತ ಕುಳಿತು ಜನರು ಬೇಸ್‌ಬಾಲ್ ಕುರಿತು ಹರಟುತ್ತಿದ್ದರು. ಆ ಒಲೆಯಿಂದಲೇ ಈ ಹೆಸರು ಬಂದಿದೆ. ನಮ್ಮ ಅರಳಿಕಟ್ಟೆಯ ಮಾತುಕತೆಗೆ ಇದನ್ನು ಹೋಲಿಸಬಹುದು. ಆದರೆ ಈ ಕಟ್ಟೆಯಲ್ಲಿ ಚರ್ಚೆಯಾಗುವ ಸಂಗತಿಯನ್ನು ಅವಲಂಬಿಸಿ ಒಬ್ಬ ಮನುಷ್ಯನು ಮನೆ, ಊರು, ಮಕ್ಕಳ ಶಾಲೆ ಎಲ್ಲವನ್ನೂ ಬದಲಿಸಬೇಕಾಗಿ ಬರುತ್ತದೆ.

ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಅಮೆರಿಕನ್ ಲೀಗ್ ಮತ್ತು ನ್ಯಾಷನಲ್ ಲೀಗ್ ಎಂಬ ಎರಡು ವಿಭಾಗಗಳಿದ್ದು, ಒಟ್ಟು 30 ತಂಡಗಳಿವೆ. ಪ್ರತಿ ತಂಡವೂ ಒಂದು ಋತುವಿನಲ್ಲಿ 162 ಪಂದ್ಯಗಳನ್ನು ಆಡುತ್ತದೆ. ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯೊಂದಿಗೆ ಋತು ಮುಗಿಯುತ್ತಿದ್ದಂತೆ ಚಳಿಗಾಲದ ವ್ಯವಹಾರ ಆರಂಭವಾಗುತ್ತದೆ. ಡಿಸೆಂಬರ್‌ನಲ್ಲಿ ಎಲ್ಲ ತಂಡಗಳ ಆಡಳಿತಗಾರರು ಒಂದೆಡೆ ಸೇರುತ್ತಾರೆ. ಇಂಡಿಯನ್ ಪ್ರೀಮಿಯರ್ ಲೀಗ್‌ನ 2022ರ ದೊಡ್ಡ ಹರಾಜು ಬೆಂಗಳೂರಿನಲ್ಲಿ ಎರಡು ದಿನಗಳಲ್ಲಿ ಮುಗಿದದ್ದನ್ನು ಕಂಡ ಓದುಗರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಬೇಸ್‌ಬಾಲ್‌ನಲ್ಲಿ ಹರಾಜಿಲ್ಲ. ಒಪ್ಪಂದದಿಂದ ಬಿಡುಗಡೆಯಾದ ಆಟಗಾರನು ತನ್ನ ಪ್ರತಿನಿಧಿಯ ಮೂಲಕ ತಂಡಗಳೊಡನೆ ಬೇರೆ ಬೇರೆಯಾಗಿ ಮಾತುಕತೆ ನಡೆಸುತ್ತಾನೆ. ಒಪ್ಪಂದದಲ್ಲಿ ಇರುವ ಆಟಗಾರನನ್ನಾದರೋ ತಂಡವು ಮತ್ತೊಂದು ತಂಡದ ಆಟಗಾರರೊಡನೆ ವಿನಿಮಯ ಮಾಡಿಕೊಳ್ಳಬಹುದು.

ಕಾಯ್ದಿರಿಸುವ ಷರತ್ತು

1879ರಲ್ಲಿ ನ್ಯಾಷನಲ್ ಲೀಗ್‌ನ ಮಾಲೀಕರು ತಮ್ಮತಮ್ಮೊಳಗೆ ಒಂದು ರಹಸ್ಯ ಒಡಂಬಡಿಕೆ ಮಾಡಿಕೊಂಡರು. ಅದರಂತೆ ಪ್ರತಿ ತಂಡವು ಐವರು ಆಟಗಾರರನ್ನು ಕಾಯ್ದಿರಿಸಬಹುದಾಗಿತ್ತು. ಅವರನ್ನು ಉಳಿದ ತಂಡಗಳು ಮುಟ್ಟುವಂತಿರಲಿಲ್ಲ. ಕ್ರಮೇಣ ಈ ಷರತ್ತು ಎಲ್ಲ ಆಟಗಾರರ ಒಪ್ಪಂದಗಳಿಗೂ ವಿಸ್ತರಿಸಿತು. ಒಪ್ಪಂದ ಕಾಗದದ ಮೇಲೆ ಒಂದೇ ವರ್ಷದ್ದಾದರೂ ಅದನ್ನು ನವೀಕರಿಸುವ ಹಕ್ಕು ತಂಡಕ್ಕಿತ್ತು, ನವೀಕರಣವಾದ ಒಪ್ಪಂದದಲ್ಲಿಯೂ ಅದೇ ಷರತ್ತು ಇರುತ್ತದೆಂಬುದು ಮಾಲೀಕರ ಅರ್ಥವಿವರಣೆ. ಹೀಗಾಗಿ ಆಟಗಾರನ ಮುಂದೆ ಎರಡೇ ದಾರಿಗಳಿದ್ದವು: ಕೊಟ್ಟ ಸಂಬಳಕ್ಕೆ ಆಡುವುದು, ಇಲ್ಲವೇ ಆಟವನ್ನೇ ಬಿಡುವುದು. 1922ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಬೇಸ್‌ಬಾಲ್ ಅಂತರರಾಜ್ಯ ವಾಣಿಜ್ಯವಲ್ಲ, ಆದ್ದರಿಂದ ಏಕಸ್ವಾಮ್ಯ ವಿರೋಧಿ ಕಾನೂನು ಅದಕ್ಕೆ ಅನ್ವಯಿಸದು ಎಂದು ತೀರ್ಪಿತ್ತಿತು. ರಾಜ್ಯದಿಂದ ರಾಜ್ಯಕ್ಕೆ ರೈಲಿನಲ್ಲಿ ಸಂಚರಿಸಿ ಟಿಕೆಟ್ ಮಾರಿ ನಡೆಸುವ ಆಟವನ್ನು ವಾಣಿಜ್ಯವಲ್ಲವೆಂದದ್ದು ಇಂದು ವಿಚಿತ್ರವಾಗಿ ಕಾಣುತ್ತದೆ.

ಆ ಕಾಲದ ಚಳಿಗಾಲದ ನಿರ್ಧಾರಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಬೇಬ್ ರೂತ್ ಅವರ ಮಾರಾಟ. 1919ರ ಋತುವಿನಲ್ಲಿ 29 ಹೋಮ್‌ರನ್ ಹೊಡೆದು ದಾಖಲೆ ಮಾಡಿದ್ದ ರೂತ್ ಅವರನ್ನು ಬಾಸ್ಟನ್ ರೆಡ್ ಸಾಕ್ಸ್ ತಂಡದ ಮಾಲೀಕ ಹ್ಯಾರಿ ಫ್ರೇಜಿ ಆ ಚಳಿಗಾಲದಲ್ಲಿ 1 ಲಕ್ಷ ಡಾಲರ್‌ಗೆ ನ್ಯೂಯಾರ್ಕ್ ಯಾಂಕೀಸ್‌ಗೆ ಮಾರಿದರು. ಮರುವರ್ಷ ರೂತ್ 54 ಹೋಮ್‌ರನ್ ಹೊಡೆದರು. 1918ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಿದ್ದ ಬಾಸ್ಟನ್ ಮತ್ತೆ ಗೆಲ್ಲಲು 2004ರವರೆಗೆ ಕಾಯಬೇಕಾಯಿತು.

1965ರ ಡಿಸೆಂಬರ್‌ನಲ್ಲಿ ಸಿನ್ಸಿನಾಟಿ ರೆಡ್ಸ್ ತಂಡವು ಫ್ರಾಂಕ್ ರಾಬಿನ್ಸನ್ ಅವರನ್ನು ಬಾಲ್ಟಿಮೋರ್ ಓರಿಯೋಲ್ಸ್‌ಗೆ ಕೊಟ್ಟು, ಪ್ರತಿಯಾಗಿ ಪಿಚರ್ ಮಿಲ್ಟ್ ಪ್ಯಾಪಸ್ ಮತ್ತು ಇನ್ನಿಬ್ಬರನ್ನು ಪಡೆಯಿತು. ರಾಬಿನ್ಸನ್ ಅವರಿಗೆ ಆಗ 30 ವರ್ಷ. ಆ ವಯಸ್ಸಿಗೆ ಮೀರಿ ಅವರ ದೇಹ ಸವೆದಿದೆ ಎಂಬುದು ರೆಡ್ಸ್ ಮುಖ್ಯಸ್ಥ ಬಿಲ್ ಡಿವಿಟ್ ಅವರ ಅಭಿಪ್ರಾಯವಾಗಿತ್ತು. 1966ರಲ್ಲಿ ರಾಬಿನ್ಸನ್ .316 ಸರಾಸರಿ, 49 ಹೋಮ್‌ರನ್ ಮತ್ತು 122 ರನ್ ತಂದುಕೊಟ್ಟ ಸಾಧನೆಯಿಂದ ಅಮೆರಿಕನ್ ಲೀಗ್‌ನ ಮೂರೂ ಪಟ್ಟಿಗಳಲ್ಲಿ ಮೊದಲಿಗರಾದರು. ಎರಡೂ ಲೀಗ್‌ಗಳಲ್ಲಿ ಅತ್ಯಂತ ಮೌಲ್ಯಯುತ ಆಟಗಾರ ಪ್ರಶಸ್ತಿ ಪಡೆದ ಮೊದಲಿಗರೂ ಅವರೇ. ಓರಿಯೋಲ್ಸ್ ಆ ವರ್ಷ ವರ್ಲ್ಡ್ ಸೀರೀಸ್‌ನ ನಾಲ್ಕೂ ಪಂದ್ಯಗಳನ್ನು ಗೆದ್ದಿತು. ಈ ವಿನಿಮಯದಲ್ಲಿ ತಂಡದ ತಪ್ಪು ಲೆಕ್ಕಾಚಾರವನ್ನು ಎಲ್ಲರೂ ನೆನೆಯುತ್ತಾರೆ. ರಾಬಿನ್ಸನ್ ಅವರಿಗೆ ಹೋಗಲು ಒಪ್ಪಿಗೆಯಿದೆಯೇ ಎಂದು ಕೇಳುವ ನಿಯಮ ಅಂದು ಇರಲಿಲ್ಲವೆಂಬುದನ್ನು ನೆನೆಯುವವರು ಕಡಿಮೆ.

ಕರ್ಟ್ ಫ್ಲಡ್ ಪ್ರಕರಣ

ಆ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಒಯ್ದವರು ಕರ್ಟ್ ಫ್ಲಡ್. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದಲ್ಲಿ 12 ಋತು ಆಡಿ, ಉತ್ತಮ ಕ್ಷೇತ್ರರಕ್ಷಣೆಗೆ ನೀಡುವ ಗೋಲ್ಡ್ ಗ್ಲವ್ ಪ್ರಶಸ್ತಿಯನ್ನು ಏಳು ಬಾರಿ ಪಡೆದಿದ್ದ ಅವರನ್ನು 1969ರ ಅಕ್ಟೋಬರ್‌ನಲ್ಲಿ ಏಳು ಆಟಗಾರರ ವಿನಿಮಯವೊಂದರಲ್ಲಿ ಫಿಲಡೆಲ್ಫಿಯಾ ಫಿಲ್ಲೀಸ್‌ಗೆ ಕೊಡಲಾಯಿತು. ಸುದ್ದಿ ಅವರಿಗೆ ತಿಳಿದದ್ದು ಬೆಳಗಿನ ಒಂದು ದೂರವಾಣಿ ಕರೆಯಿಂದ. ಡಿಸೆಂಬರ್ 24ರಂದು ಅವರು ಬೇಸ್‌ಬಾಲ್ ಕಮಿಷನರ್ ಬೋವಿ ಕೂನ್ ಅವರಿಗೆ ಪತ್ರ ಬರೆದು, ತಮ್ಮ ಇಚ್ಛೆಯನ್ನು ಲೆಕ್ಕಿಸದೆ ಕೊಳ್ಳುವ ಮಾರುವ ವಸ್ತು ತಾವಲ್ಲವೆಂದೂ, ಉಳಿದ ತಂಡಗಳ ಪ್ರಸ್ತಾಪಗಳನ್ನು ಪರಿಶೀಲಿಸುವ ಹಕ್ಕು ತಮಗಿದೆಯೆಂದೂ ತಿಳಿಸಿದರು. ಕೂನ್ ಒಪ್ಪಲಿಲ್ಲ.

ಫ್ಲಡ್ ಅವರ 1969ರ ಸಂಬಳ 90 ಸಾವಿರ ಡಾಲರ್. ಫಿಲ್ಲೀಸ್ ಅದಕ್ಕಿಂತ ಹೆಚ್ಚು ಕೊಡಲು ಸಿದ್ಧವಿತ್ತು. ಆದ್ದರಿಂದ ವಿವಾದ ಹಣದ್ದಾಗಿರಲಿಲ್ಲ. ಆಟಗಾರರ ಸಂಘದ ಮುಖ್ಯಸ್ಥ ಮಾರ್ವಿನ್ ಮಿಲ್ಲರ್ ಅವರು ಮೊಕದ್ದಮೆ ಗೆಲ್ಲುವ ಸಂಭವ ಕಡಿಮೆ, ಗೆದ್ದರೂ ಅದರ ಫಲ ಫ್ಲಡ್ ಅವರಿಗೆ ದಕ್ಕದು ಎಂದು ಮೊದಲೇ ಎಚ್ಚರಿಸಿದ್ದರು. ವಿಚಾರಣೆಯಲ್ಲಿ ನಿವೃತ್ತರಾದ ಜ್ಯಾಕಿ ರಾಬಿನ್ಸನ್ ಮತ್ತು ಹ್ಯಾಂಕ್ ಗ್ರೀನ್‌ಬರ್ಗ್ ಫ್ಲಡ್ ಪರವಾಗಿ ಸಾಕ್ಷ್ಯ ನುಡಿದರು. ಆಗ ಆಡುತ್ತಿದ್ದ ಒಬ್ಬ ಆಟಗಾರನೂ ನ್ಯಾಯಾಲಯಕ್ಕೆ ಬರಲಿಲ್ಲ. ಅವರ ಭಯವನ್ನು ಅರ್ಥಮಾಡಿಕೊಳ್ಳಬಹುದಾದರೂ, ಈ ಪ್ರಕರಣದ ಅತ್ಯಂತ ನೋವಿನ ಭಾಗ ಇದೇ.

1972ರ ಜೂನ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ 5–3ರ ಬಹುಮತದಿಂದ ಫ್ಲಡ್ ಅವರ ವಿರುದ್ಧ ತೀರ್ಪಿತ್ತಿತು. ಬೇಸ್‌ಬಾಲ್‌ಗೆ ದೊರೆತ ವಿನಾಯಿತಿ ಅಸಂಗತವೆಂದು ಒಪ್ಪಿಕೊಂಡರೂ, ಅದನ್ನು ಸರಿಪಡಿಸಬೇಕಾದುದು ಶಾಸನಸಭೆ ಎಂದಿತು. ತೀರ್ಪು ಬರೆದ ನ್ಯಾಯಮೂರ್ತಿ ಹ್ಯಾರಿ ಬ್ಲ್ಯಾಕ್‌ಮನ್ ಆರಂಭದಲ್ಲಿಯೇ ಆಟದ ಇತಿಹಾಸವನ್ನು ಹೊಗಳಿ, ತಮಗೆ ಪ್ರಿಯರಾದ ಹಳೆಯ ಆಟಗಾರರ ಉದ್ದನೆಯ ಪಟ್ಟಿಯನ್ನು ಕೊಟ್ಟರು. ಬಹುಮತದಲ್ಲಿದ್ದ ಇಬ್ಬರು ನ್ಯಾಯಮೂರ್ತಿಗಳು ಆ ಭಾಗಕ್ಕೆ ಸಹಿ ಹಾಕಲಿಲ್ಲ. ಮೆಲ್ ಆಟ್ ಅವರ ಹೆಸರನ್ನು ಪಟ್ಟಿಯಲ್ಲಿ ಬಿಟ್ಟದ್ದಕ್ಕೆ ಬ್ಲ್ಯಾಕ್‌ಮನ್ ಮುಂದೆ ಹಳಹಳಿಸಿದರು. ಒಲೆಯ ಸುತ್ತಲಿನ ಹರಟೆ ದೇಶದ ಅತ್ಯುನ್ನತ ನ್ಯಾಯಪೀಠವನ್ನೂ ಬಿಟ್ಟಿರಲಿಲ್ಲ.

ಫ್ಲಡ್ 1970ರ ಋತುವನ್ನು ಪೂರ್ತಿಯಾಗಿ ಕಳೆದುಕೊಂಡರು. 1971ರಲ್ಲಿ ವಾಷಿಂಗ್ಟನ್ ಸೆನೆಟರ್ಸ್ ಪರ 13 ಪಂದ್ಯ ಆಡಿ ಆಟ ತೊರೆದರು. 1997ರಲ್ಲಿ ನಿಧನರಾದರು. ಮರುವರ್ಷ ಅಮೆರಿಕದ ಶಾಸನಸಭೆ ಮೇಜರ್ ಲೀಗ್ ಆಟಗಾರರಿಗೆ ಏಕಸ್ವಾಮ್ಯ ವಿರೋಧಿ ಕಾನೂನಿನ ರಕ್ಷಣೆ ನೀಡುವ ಕಾಯಿದೆಯನ್ನು ಅವರ ಹೆಸರಿನಲ್ಲಿಯೇ ಅಂಗೀಕರಿಸಿತು. ಹತ್ತು ವರ್ಷ ಆಡಿ, ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದ ಆಟಗಾರನು ತನ್ನ ವಿನಿಮಯವನ್ನು ತಡೆಯಬಹುದೆಂಬ ನಿಯಮ 1973ರಲ್ಲಿಯೇ ಬಂದಿತ್ತು. ಫ್ಲಡ್ ಅವರ ಮಟ್ಟಿಗೆ ಅದು ನಾಲ್ಕು ವರ್ಷ ತಡವಾಗಿತ್ತು.

ಫ್ರೀ ಏಜೆಂಟ್ ಪದ್ಧತಿ

ನ್ಯಾಯಾಲಯದಲ್ಲಿ ಸಿಗದದ್ದು ಮಧ್ಯಸ್ಥಿಕೆಯಲ್ಲಿ ಸಿಕ್ಕಿತು. 1975ರಲ್ಲಿ ಪಿಚರ್‌ಗಳಾದ ಆಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮ್ಯಾಕ್‌ನ್ಯಾಲಿ ಹೊಸ ಒಪ್ಪಂದಕ್ಕೆ ಸಹಿ ಹಾಕದೆ ನವೀಕರಣದ ಒಂದು ವರ್ಷವನ್ನು ಮುಗಿಸಿ, ತಾವೀಗ ಸ್ವತಂತ್ರರೆಂದು ವಾದಿಸಿದರು. ಡಿಸೆಂಬರ್ 23ರಂದು ಮಧ್ಯಸ್ಥಗಾರ ಪೀಟರ್ ಸೈಟ್ಸ್ ಅವರ ವಾದವನ್ನು ಎತ್ತಿಹಿಡಿದರು: ಒಂದು ವರ್ಷವೆಂದರೆ ಒಂದೇ ವರ್ಷ. ಮಾಲೀಕರು ಸೈಟ್ಸ್ ಅವರನ್ನು ಕೂಡಲೇ ಆ ಸ್ಥಾನದಿಂದ ತೆಗೆದರು, ತೀರ್ಪು ಮಾತ್ರ ಉಳಿಯಿತು. ನಂತರದ ಒಡಂಬಡಿಕೆಯಂತೆ ಆರು ವರ್ಷಗಳ ಸೇವೆ ಮುಗಿಸಿ ಒಪ್ಪಂದ ತೀರಿದ ಆಟಗಾರನು ಫ್ರೀ ಏಜೆಂಟ್ ಆಗುತ್ತಾನೆ, ಅಂದರೆ ತನಗೆ ಬೇಕಾದ ತಂಡವನ್ನು ಸೇರಬಹುದು.

ಸಂಬಳಗಳು ಏರಿದವು. ಅದನ್ನು ತಡೆಯಲು ಮಾಲೀಕರು 1980ರ ದಶಕದ ಮಧ್ಯಭಾಗದಲ್ಲಿ ಒಳಸಂಚು ನಡೆಸಿ, ಪರಸ್ಪರರ ಆಟಗಾರರಿಗೆ ಪ್ರಸ್ತಾಪ ನೀಡುವುದನ್ನು ನಿಲ್ಲಿಸಿದರು. 1987ರಲ್ಲಿ ಆಂಡ್ರೆ ಡಾಸನ್ ಸಂಬಳದ ಜಾಗವನ್ನು ಖಾಲಿ ಬಿಟ್ಟು ಸಹಿ ಹಾಕಿದ ಒಪ್ಪಂದವನ್ನು ಶಿಕಾಗೊ ಕಬ್ಸ್ ತಂಡದ ಮುಂದಿಟ್ಟರು. ತಂಡವು ಅಲ್ಲಿ 5 ಲಕ್ಷ ಡಾಲರ್ ಮೂಲವೇತನವನ್ನು ಬರೆಯಿತು. ಡಾಸನ್ ಆ ವರ್ಷ 49 ಹೋಮ್‌ರನ್ ಹೊಡೆದು ನ್ಯಾಷನಲ್ ಲೀಗ್‌ನ ಅತ್ಯಂತ ಮೌಲ್ಯಯುತ ಆಟಗಾರರೆನಿಸಿದರು. ಒಳಸಂಚು ಸಾಬೀತಾಗಿ ಮಾಲೀಕರು 1990ರಲ್ಲಿ ಆಟಗಾರರಿಗೆ 28 ಕೋಟಿ ಡಾಲರ್ ಪರಿಹಾರ ಕೊಡಲು ಒಪ್ಪಿದರು.

ವಯಸ್ಸಿನ ಲೆಕ್ಕ

ಇಂದಿನ ಚಳಿಗಾಲದ ವಾದಗಳ ಕೇಂದ್ರದಲ್ಲಿರುವುದು ವಯಸ್ಸು. ಮೊದಲ ಮೂರು ವರ್ಷಗಳಲ್ಲಿ ಆಟಗಾರನಿಗೆ ಹೆಚ್ಚುಕಡಿಮೆ ಕನಿಷ್ಠ ವೇತನವೇ ಸಿಗುತ್ತದೆ. ಅನಂತರದ ಮೂರು ವರ್ಷ ವೇತನದ ಬಗ್ಗೆ ಒಮ್ಮತ ಬಾರದಿದ್ದರೆ ಮಧ್ಯಸ್ಥರ ಮುಂದೆ ಹೋಗಬಹುದು. ಅವರು ಆಟಗಾರ ಕೇಳಿದ ಮೊತ್ತ ಅಥವಾ ತಂಡ ಹೇಳಿದ ಮೊತ್ತ ಇವೆರಡರಲ್ಲಿ ಒಂದನ್ನೇ ಆರಿಸಬೇಕು, ನಡುವಿನದನ್ನು ಸೂಚಿಸುವಂತಿಲ್ಲ. 24ನೆಯ ವಯಸ್ಸಿನಲ್ಲಿ ಮೇಜರ್ ಲೀಗ್ ಪ್ರವೇಶಿಸಿದವನು ಸ್ವತಂತ್ರನಾಗುವಷ್ಟರಲ್ಲಿ 30 ತುಂಬಿರುತ್ತದೆ. ಬ್ಯಾಟರ್‌ಗಳ ಸಾಮರ್ಥ್ಯ ಸುಮಾರು 27ನೆಯ ವಯಸ್ಸಿನಲ್ಲಿ ತುದಿಮುಟ್ಟುತ್ತದೆ ಎಂಬುದನ್ನು ಅಂಕಿಅಂಶ ವಿಶ್ಲೇಷಕ ಬಿಲ್ ಜೇಮ್ಸ್ ದಶಕಗಳ ಹಿಂದೆಯೇ ತೋರಿಸಿದ್ದರು. ಹೀಗೆ ಆಟಗಾರನ ಅತ್ಯುತ್ತಮ ವರ್ಷಗಳು ತಂಡಕ್ಕೆ ಅಗ್ಗದಲ್ಲಿ ಸಿಗುತ್ತವೆ, ದೊಡ್ಡ ಹಣ ಇಳಿಗಾಲದ ವರ್ಷಗಳಿಗೆ ಸಲ್ಲುತ್ತದೆ. ತಂಡಗಳು ಇದನ್ನು ಆಟಗಾರರ ದುರಾಸೆಯೆಂದು ಬಿಂಬಿಸುವುದುಂಟು. ವಾಸ್ತವವಾಗಿ ಅದು ಹಳೆಯ ದುಡಿಮೆಯ ಬಾಕಿ ಎಂದರೂ ತಪ್ಪಾಗದು.

ಆಲ್ಬರ್ಟ್ ಪೂಹೋಲ್ಸ್ ಇದಕ್ಕೆ ಸ್ಪಷ್ಟ ನಿದರ್ಶನ. ಕಾರ್ಡಿನಲ್ಸ್ ಪರ 11 ಋತುಗಳಲ್ಲಿ 445 ಹೋಮ್‌ರನ್ ಹೊಡೆದು, ಮೂರು ಬಾರಿ ಅತ್ಯಂತ ಮೌಲ್ಯಯುತ ಆಟಗಾರರಾಗಿದ್ದ ಅವರು 2011ರ ಡಿಸೆಂಬರ್‌ನಲ್ಲಿ ಏಂಜಲ್ಸ್ ತಂಡದೊಡನೆ ಹತ್ತು ವರ್ಷಗಳ ಒಪ್ಪಂದ ಮಾಡಿಕೊಂಡರು. ಅಭಿಮಾನಿಗಳು ನೊಂದರು. ಪೂಹೋಲ್ಸ್ ಅವರ ಆಟ ಕ್ರಮೇಣ ಕುಂದಿತು, 2021ರಲ್ಲಿ ಏಂಜಲ್ಸ್ ಅವರನ್ನು ಕೈಬಿಟ್ಟಿತು. ಕಾರ್ಡಿನಲ್ಸ್ ಅವರಿಲ್ಲದೆಯೇ 2013ರಲ್ಲಿ ವರ್ಲ್ಡ್ ಸೀರೀಸ್ ತಲುಪಿತು. 2022ರಲ್ಲಿ ಪೂಹೋಲ್ಸ್ ಮರಳಿ ಅದೇ ತಂಡಕ್ಕೆ ಬಂದು, 703 ಹೋಮ್‌ರನ್‌ಗಳೊಂದಿಗೆ ನಿವೃತ್ತರಾದರು.

ಸೇವೆಯ ದಿನಗಳ ಎಣಿಕೆಯೂ ವಿವಾದಕ್ಕೆ ಕಾರಣವಾಗಿದೆ. 172 ದಿನ ತಂಡದಲ್ಲಿದ್ದರೆ ಒಂದು ವರ್ಷದ ಸೇವೆ ಎಂದು ಲೆಕ್ಕ. 2015ರಲ್ಲಿ ಕಬ್ಸ್ ತಂಡವು ಕ್ರಿಸ್ ಬ್ರಯಂಟ್ ಅವರನ್ನು ಋತುವಿನ ಆರಂಭದಲ್ಲಿ ಕೆಳಹಂತದ ತಂಡದಲ್ಲಿಯೇ ಇರಿಸಿತು. ಅವರಿಗೆ 171 ದಿನಗಳು ದೊರೆತವು. ಒಂದು ದಿನದ ಕೊರತೆಯಿಂದ ಅವರ ಬಿಡುಗಡೆ ಒಂದು ವರ್ಷ ಮುಂದೆ ಹೋಯಿತು. ಅವರ ದೂರು 2020ರಲ್ಲಿ ತಿರಸ್ಕೃತವಾಯಿತು.

ಇನ್ನೊಂದು ತುದಿಯಲ್ಲಿ, ಎಳೆಯ ವಯಸ್ಸಿನಲ್ಲಿಯೇ ಸ್ವತಂತ್ರರಾಗುವವರಿಗೆ ಬೆಲೆ ಬಹಳ. 2024ರ ಡಿಸೆಂಬರ್‌ನಲ್ಲಿ 26 ವರ್ಷದ ಹ್ವಾನ್ ಸೋಟೊ ನ್ಯೂಯಾರ್ಕ್ ಮೆಟ್ಸ್‌ನೊಡನೆ 15 ವರ್ಷಗಳಿಗೆ 76.5 ಕೋಟಿ ಡಾಲರ್ ಮೊತ್ತದ ಒಪ್ಪಂದಕ್ಕೆ ಸಮ್ಮತಿಸಿದರು. ಅದರ ಹಿಂದಿನ ವರ್ಷ ಶೋಹೈ ಓಟಾನಿ ಡಾಡ್ಜರ್ಸ್‌ನೊಡನೆ ಮಾಡಿಕೊಂಡ 70 ಕೋಟಿ ಡಾಲರ್ ಒಪ್ಪಂದದಲ್ಲಿ 68 ಕೋಟಿಯನ್ನು ಹತ್ತು ವರ್ಷಗಳ ಆಟ ಮುಗಿದ ಮೇಲೆ ಕೊಡುವಂತೆ ಗೊತ್ತುಪಡಿಸಲಾಗಿದೆ.

ಹಾಲ್ ಆಫ್ ಫೇಮ್ ವಾದ

ಮುಗಿದುಹೋದ ವೃತ್ತಿಜೀವನಗಳ ತೂಕ ನೋಡುವ ಕೆಲಸವೂ ಚಳಿಗಾಲದ್ದೇ. ಕೂಪರ್ಸ್‌ಟೌನ್‌ನಲ್ಲಿರುವ ಹಾಲ್ ಆಫ್ ಫೇಮ್‌ಗೆ ಬೇಸ್‌ಬಾಲ್ ಬರಹಗಾರರು ಮತ ಹಾಕಿ ಆರಿಸಿದವರ ಹೆಸರು ಜನವರಿಯಲ್ಲಿ ಪ್ರಕಟವಾಗುತ್ತದೆ. ಆಯ್ಕೆಗೆ ಶೇಕಡಾ 75 ಮತಗಳು ಬೇಕು. 287 ಪಂದ್ಯ ಗೆದ್ದಿದ್ದ ಪಿಚರ್ ಬರ್ಟ್ ಬ್ಲೈಲೆವೆನ್ 14ನೆಯ ಪ್ರಯತ್ನದಲ್ಲಿ, 2011ರಲ್ಲಿ, ಆಯ್ಕೆಯಾದರು. ಅಷ್ಟು ವರ್ಷಗಳಲ್ಲಿ ಅವರ ದಾಖಲೆಯ ಒಂದು ಅಂಕಿಯೂ ಬದಲಾಗಿರಲಿಲ್ಲ, ಅಂಕಿಗಳನ್ನು ಓದುವ ಬಗೆ ಬದಲಾಗಿತ್ತು. 762 ಹೋಮ್‌ರನ್‌ಗಳ ಬ್ಯಾರಿ ಬಾಂಡ್ಸ್ ಅವರನ್ನು ಉದ್ದೀಪನ ಮದ್ದಿನ ಆರೋಪದ ಕಾರಣ ಬರಹಗಾರರು ಹತ್ತು ಬಾರಿಯೂ ತಿರಸ್ಕರಿಸಿದರು.

ಮಾರ್ವಿನ್ ಮಿಲ್ಲರ್ ಅವರನ್ನು ಪ್ರತ್ಯೇಕ ಸಮಿತಿಯೊಂದು 2019ರ ಡಿಸೆಂಬರ್‌ನಲ್ಲಿ ಆರಿಸಿತು. ಅವರು ತೀರಿಕೊಂಡು ಆಗಲೇ ಏಳು ವರ್ಷಗಳಾಗಿದ್ದವು. ಕರ್ಟ್ ಫ್ಲಡ್ ಇದುವರೆಗೆ ಆಯ್ಕೆಯಾಗಿಲ್ಲ.